ಪಿಂಚಣಿಯನ್ನೊಲ್ಲದ ಸೇವಾನಾಯಕಿ

ಹೆಜಮಾಡಿಯ ಶಾಂಭವಿ ಹೊಳೆಯ ಸೇತುವೆಯ ಮೇಲೆ ನಿಂತವನಿಗೆ, ತೆಂಕಣಕ್ಕೆ ಮೂಲ್ಕಿಯನ್ನು ಹಾದು ಮಂಗಳೂರಿಗೆ ಹೋಗುವ ಮಾರ್ಗವೂ, ಬಡಗಣಕ್ಕೆ ಕಾಪು, ಉಡುಪಿಗಳನ್ನು ಹಾದು ಕುಂದಾಪುರಕ್ಕೆ ಹೋಗುವ ಮಾರ್ಗವೂ ಒಂದೇ ಆಗಿ ಕಾಣುತ್ತದೆ. ಈ ಮಾರ್ಗದ ತೆಂಕಣ ತುದಿಯ ಊರಿನಲ್ಲಿ ಹುಟ್ಟಿ, ಬಡಗಣ ತುದಿಯ ಊರಿನ ಹೆಸರನ್ನು ತನ್ನ ಹೆಸರಿಗೆ ಜೋಡಿಸಿಕೊಂಡು, ಆಯುಷ್ಯದ ಬಹುಭಾಗವನ್ನು ಘಟ್ಟದ ಮೇಲಿನ ಹುಬ್ಬಳ್ಳಿಯಲ್ಲಿ ದೇಶಕಾರ್ಯಕ್ಕಾಗಿ ಸವೆಸಿದ ಮಹಿಳೆಯೊಬ್ಬರ ಚರಿತ್ರೆಯನ್ನು ಇಂದು ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ. ಅವರೇ ದಿವಂಗತ ಉಮಾಬಾಯಿ ಕುಂದಾಪುರ. ೧೮೯೨ರಲ್ಲಿ ಹುಟ್ಟಿದ ಅವರು ೧೯೯೨ರಲ್ಲಿ, ನೂರು ವರ್ಷಗಳ ಬಾಳನ್ನು ಮುಗಿಸಿ ತೀರಿಕೊಂಡರು.

ಇವರ ಹೆಸರನ್ನು ಬಲ್ಲವರೆಲ್ಲರೂ ಒಂದು ಮಾತನ್ನು ತಪ್ಪದೆ ಹೇಳುತ್ತಾರೆ. ಸ್ವಾತಂತ್ರ್ಯವು ಬಂದ ಮೇಲೆ ಸರಕಾರವು ಕೊಡಮಾಡಿದ ತಾಮ್ರಪತ್ರವನ್ನೂ ಪಿಂಚಣಿಯನ್ನೂ ಅವರು ಸ್ವೀಕರಿಸಲಿಲ್ಲವೆಂಬುದೇ ಆ ಮಾತು. ಹೇಳಿದವರು ಕೈಮುಗಿಯುತ್ತಾರೆ, ಕೇಳಿದವರು ತಲೆದೂಗುತ್ತಾರೆ. ಅಲ್ಲಿಗೆ ವಿಷಯವು ಮುಗಿದುಹೋಗುತ್ತದೆ. ಆದರೆ ತಲೆದೂಗಿ ಮುಂದೆ ನಡೆಯುವುದರಿಂದ ನಮ್ಮ ಕರ್ತವ್ಯವು ತೀರುವುದಿಲ್ಲವೆಂದು ನಾವು ಭಾವಿಸುತ್ತೇವೆ. ಅವರು ಬಿಟ್ಟುಕೊಟ್ಟುದೇನು, ಆ ತ್ಯಾಗದಿಂದ ನಮ್ಮ ಮೇಲೆ ಬಿದ್ದ ಹೊಣೆಯೇನು ಎಂಬುದನ್ನು ಅವರ ಜೀವನವನ್ನು ನೋಡಿದ ತರುವಾಯ ವಿಚಾರಿಸುವುದು ಯುಕ್ತವಾಗಿದೆ.

ಉಮಾಬಾಯಿಯವರ ತವರಿನ ಹೆಸರು ಭವಾನಿ. ತಂದೆ ಗೋಳಿಕೇರಿ ಕೃಷ್ಣರಾಯರು. ಅಂದಿನ ರೂಢಿಯಂತೆ ಹದಿಮೂರನೆಯ ವಯಸ್ಸಿನಲ್ಲಿಯೇ ಸಂಜೀವರಾವ್ ಕುಂದಾಪುರರೊಡನೆ ಮದುವೆಯಾಯಿತು. ಆ ಕಾಲದ ಹೆಚ್ಚಿನ ಹುಡುಗಿಯರಿಗೆ ಮದುವೆಯೊಡನೆ ಓದು ಮುಗಿಯುತ್ತಿತ್ತು; ಇವರಿಗೆ ಮದುವೆಯಾದ ಮೇಲೆಯೂ ಓದು ಸಾಗಿತು. ಇದಕ್ಕೆ ಕಾರಣರಾದವರು ಮಾವ ಆನಂದರಾವ್ ಕುಂದಾಪುರರು. ಹೆಂಗಸರು ಕಲಿಯದೆ ದೇಶವು ಮೇಲೇಳದೆಂಬ ನಂಬಿಕೆಯನ್ನು ಆ ಸುಧಾರಕರು ಬಾಯಿಮಾತಿನಲ್ಲಿ ನಿಲ್ಲಿಸದೆ, ತಮ್ಮ ಮನೆಯಲ್ಲಿಯೇ ಆಚರಣೆಗೆ ತಂದರು. ಸೊಸೆಯು ಮುಂಬಯಿಯಲ್ಲಿ ಮಾವನೊಡನೆ ಗಾಮದೇವಿಯ ಮಹಿಳಾ ಸಮಾಜದಲ್ಲಿ ಸ್ತ್ರೀಯರಿಗೆ ವಿದ್ಯೆ ಕಲಿಸುವ ಕೆಲಸಕ್ಕೆ ಕೈಹಾಕಿದರು. ಸೊಸೆಯ ಸಾರ್ವಜನಿಕ ಜೀವನಕ್ಕೆ ಮಾವನೇ ಮೊದಲ ಗುರುವಾದ ಇಂತಹ ನಿದರ್ಶನಗಳು ಆ ಕಾಲದಲ್ಲಿ ವಿರಳವಾಗಿದ್ದುವು.

೧೯೨೦ನೆಯ ಆಗಸ್ಟ್ ೧ರಂದು ಮುಂಬಯಿಯಲ್ಲಿ ಲೋಕಮಾನ್ಯ ತಿಲಕರು ಕಾಲವಾದರು. ಅವರ ಅಂತ್ಯಯಾತ್ರೆಯಲ್ಲಿ ಸೇರಿದ ಜನಸಾಗರವನ್ನು ಉಮಾಬಾಯಿಯವರು ಕಣ್ಣಾರೆ ಕಂಡರು. ಯಾವ ಅಧಿಕಾರವೂ ಇಲ್ಲದ ಒಬ್ಬ ಮನುಷ್ಯನಿಗಾಗಿ ಇಡಿಯ ಪಟ್ಟಣವು ಬೀದಿಗೆ ಬಂದುದು ಅವರ ಮನಸ್ಸಿನಲ್ಲಿ ಅಚ್ಚೊತ್ತಿತು. ಅಂದಿನಿಂದ ಅವರು ಕಾಂಗ್ರೆಸ್ಸಿನ ಕಾರ್ಯಕ್ಕೆ ಒಲಿದರು; ಖಾದಿಯನ್ನು ತೊಟ್ಟರು.

ತಾರುಣ್ಯದಲ್ಲಿಯೇ ಅವರಿಗೆ ಪತಿವಿಯೋಗವಾಯಿತು. ಎಳೆಯ ವಯಸ್ಸಿನ ವಿಧವೆಗೆ ಅಂದಿನ ಸಮಾಜವು ಮನೆಯ ಕತ್ತಲೆಯ ಮೂಲೆಯೊಂದನ್ನಲ್ಲದೆ ಬೇರೇನನ್ನೂ ಕೊಡುತ್ತಿರಲಿಲ್ಲವೆಂಬುದು ನಮ್ಮ ಹಿರಿಯ ವಾಚಕರಿಗೆ ತಿಳಿಯದ ವಿಷಯವಲ್ಲ. ಆನಂದರಾಯರು ಮಾತ್ರ ಸೊಸೆಯನ್ನು ಮೂಲೆಗೆ ಕಳುಹಿಸದೆ, ಹುಬ್ಬಳ್ಳಿಗೆ ಕರೆದುಕೊಂಡು ಬಂದರು. ಅಲ್ಲಿ ಅವರು ಕರ್ನಾಟಕ ಮುದ್ರಣಾಲಯವನ್ನು ನಡೆಯಿಸಿದರು. ತಿಲಕ ಕನ್ಯಾಶಾಲೆಯ ಹೊಣೆಯು ಉಮಾಬಾಯಿಯವರ ಪಾಲಿಗೆ ಬಂದಿತು. ಸ್ತ್ರೀಯರನ್ನು ದೇಶಸೇವೆಗೆ ಒಂದುಗೂಡಿಸಲು ಅವರು ಭಗಿನೀ ಮಂಡಲವನ್ನು ಸ್ಥಾಪಿಸಿದರು.

ಅದೇ ಹುಬ್ಬಳ್ಳಿಯಲ್ಲಿ ಡಾಕ್ಟರ್ ನಾ. ಸು. ಹರ್ಡೀಕರರು ಮತ್ತೊಂದು ಮಹಾಕಾರ್ಯವನ್ನು ಆರಂಭಿಸಿದ್ದರು. ೧೯೨೩ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಯಾದ ಹುಬ್ಬಳ್ಳಿಯ ಸ್ವಯಂಸೇವಕರು ಕ್ಷಮೆ ಬೇಡದೆ ಶಿಕ್ಷೆಯನ್ನು ಪೂರ್ತಿಯಾಗಿ ಅನುಭವಿಸಿ ಬಂದುದನ್ನು ದೇಶವೆಲ್ಲ ಕೊಂಡಾಡಿತು. ಶಿಸ್ತುಳ್ಳ ಸ್ವಯಂಸೇವಕರ ಪಡೆಯೊಂದು ರಾಷ್ಟ್ರಕ್ಕೆ ಅವಶ್ಯವೆಂದು ಆಗ ತೋರಿಬಂದುದರಿಂದ, ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದ ಅಧಿವೇಶನದ ಸಂದರ್ಭದಲ್ಲಿ ಹಿಂದುಸ್ಥಾನೀ ಸೇವಾದಳವು ಹುಟ್ಟಿತು. ಪಂಡಿತ ಜವಾಹರಲಾಲ ನೆಹರೂರವರು ಅದರ ಮೊದಲ ಅಧ್ಯಕ್ಷರಾದರು. ಸಾಲುಗಟ್ಟಿ ನಡೆಯುವುದು, ಅಪ್ಪಣೆಗೆ ತಕ್ಷಣ ಓಗೊಡುವುದು, ಧ್ವಜಕ್ಕೆ ವಂದಿಸುವುದು, ಸಮವಸ್ತ್ರ ತೊಡುವುದು, ಇವೆಲ್ಲವೂ ಸೈನ್ಯದ ಪದ್ಧತಿಗಳೇ. ಇದರಿಂದ ಅಹಿಂಸೆಗೆ ಕುಂದು ಬರುವುದೆಂದು ಕಾಂಗ್ರೆಸ್ಸಿನವರಲ್ಲಿಯೇ ಕೆಲವರು ಆಕ್ಷೇಪಿಸಿದುದೂ ಉಂಟು. ಆದರೆ ಆಯುಧವಿಲ್ಲದ ಈ ಸೈನ್ಯದಲ್ಲಿ ಕೊಲ್ಲುವ ಪಾಠವಿರಲಿಲ್ಲ. ಏಟು ಬಿದ್ದರೂ ಸಾಲು ಬಿಡದೆ ನಿಲ್ಲುವ ಪಾಠವಿತ್ತು. ಇಂತಹ ದಳದ ಮಹಿಳಾ ವಿಭಾಗಕ್ಕೆ ಉಮಾಬಾಯಿಯವರು ನಾಯಕಿಯಾದರು.

೧೯೨೪ನೆಯ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧಿವೇಶನವು ನೆರೆಯಿತು. ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕಮಾತ್ರ ಅಧಿವೇಶನವದು. ಅದರ ವ್ಯವಸ್ಥೆಗಾಗಿ ಉಮಾಬಾಯಿಯವರು ಪ್ರಾಂತವನ್ನು ಸುತ್ತಿ, ಮನೆಮನೆಯ ಬಾಗಿಲಲ್ಲಿ ನಿಂತು, ನೂರೈವತ್ತಕ್ಕೂ ಮಿಕ್ಕ ಸ್ವಯಂಸೇವಿಕೆಯರನ್ನು ಕೂಡಿಸಿದರು. ಇಂದಿನವರಿಗೆ ಈ ಸಂಖ್ಯೆಯು ಅಲ್ಪವೆಂದು ತೋರಬಹುದು. ಆದರೆ ಅಂದಿನ ಸ್ಥಿತಿಯನ್ನು ನೆನೆಯಬೇಕು. ಹೊಸ್ತಿಲು ದಾಟಿದರೆ ನಾಲ್ಕು ಜನ ಆಡಿಕೊಳ್ಳುತ್ತಿದ್ದ ಮನೆಗಳಿಂದ ಗೃಹಿಣಿಯರನ್ನೂ ವಿಧವೆಯರನ್ನೂ ಹೊರತಂದು, ಸಾವಿರಾರು ಪರಸ್ಥಳದ ಜನರ ನಡುವೆ ಕೆಲಸಕ್ಕೆ ನಿಲ್ಲಿಸುವುದು ಸುಲಭವಾದ ಕಾರ್ಯವಲ್ಲ. ಒಬ್ಬೊಬ್ಬಳ ಹಿಂದೆಯೂ ಒಬ್ಬ ಅತ್ತೆಯನ್ನೋ ಅಣ್ಣನನ್ನೋ ಒಪ್ಪಿಸಬೇಕಾಗಿತ್ತು. ಅಧಿವೇಶನವು ಮುಗಿದ ಮೇಲೆ ಈ ಹೆಂಗಸರು ತಂತಮ್ಮ ಊರುಗಳಿಗೆ ಮರಳಿದಾಗ ಮೊದಲಿನ ಹೆಂಗಸರಾಗಿ ಉಳಿದಿರಲಿಲ್ಲ. ಮುಂದೆ ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಕರ್ನಾಟಕದ ಸ್ತ್ರೀಯರು ಬೀದಿಗೆ ಇಳಿದುದರ ಹಿಂದೆ ಈ ಸಿದ್ಧತೆಯೂ ಇತ್ತೆಂದು ಹೇಳುವುದು ಅತಿಶಯೋಕ್ತಿಯಾಗದು.

೧೯೩೨ರಲ್ಲಿ ಸರಕಾರದ ದಬ್ಬಾಳಿಕೆಯು ಮೇರೆ ಮೀರಿತು. ಸೇವಾದಳವು ನಿಷಿದ್ಧವಾಯಿತು. ಉಮಾಬಾಯಿಯವರನ್ನು ಹಿಡಿದು ಯೆರವಡಾ ಕಾರಾಗೃಹದಲ್ಲಿ ನಾಲ್ಕು ತಿಂಗಳು ಇರಿಸಿದರು. ಅವರು ಸೆರೆಯಲ್ಲಿರುವಾಗಲೇ ಮಾವ ಆನಂದರಾಯರು ತೀರಿಕೊಂಡ ವಾರ್ತೆಯು ಬಂದಿತು. ಗಂಡನಿಲ್ಲದ ಬಾಳಿಗೆ ತಂದೆಯಂತೆ ಆಸರೆಯಾಗಿದ್ದವರ ಮುಖದರ್ಶನವೂ ಆಗದೆ ಹೋಯಿತು. ಬಿಡುಗಡೆ ಹೊಂದಿ ಹುಬ್ಬಳ್ಳಿಗೆ ಬಂದಾಗ ಅವರನ್ನು ಎದುರುಗೊಂಡುದೇನು? ಮುದ್ರಣಾಲಯವು ಜಪ್ತಿಯಾಗಿತ್ತು, ಶಾಲೆಯ ಬಾಗಿಲಿಗೆ ಮೊಹರು ಬಿದ್ದಿತ್ತು, ಭಗಿನೀ ಮಂಡಲವು ಕಾಯಿದೆಬಾಹಿರವೆಂದು ಸಾರಲ್ಪಟ್ಟಿತ್ತು. ಹತ್ತು ವರ್ಷಗಳ ದುಡಿಮೆಯ ಫಲವೆಲ್ಲವೂ ನಾಲ್ಕು ತಿಂಗಳುಗಳಲ್ಲಿ ಹೋಗಿಬಿಟ್ಟಿತ್ತು. ಉಳಿದುದು ಒಂದು ಚಿಕ್ಕ ಮನೆ, ಮತ್ತು ಅವರ ಎರಡು ಕೈಗಳು.

ಆ ಕೈಗಳು ಸುಮ್ಮನೆ ಕುಳಿತಿರಲಿಲ್ಲ. ೧೯೩೪ನೆಯ ಜನವರಿ ೧೫ರಂದು ಬಿಹಾರದಲ್ಲಿ ಭಯಂಕರವಾದ ಭೂಕಂಪವಾಯಿತು. ಉಮಾಬಾಯಿಯವರು ಸ್ವಯಂಸೇವಕರೊಡನೆ ಅಷ್ಟು ದೂರದ ಪ್ರಾಂತಕ್ಕೆ ಹೋಗಿ, ನಿರಾಶ್ರಿತರ ಶಿಬಿರಗಳಲ್ಲಿ ಹಗಲಿರುಳು ದುಡಿದರು. ಬಾಬು ರಾಜೇಂದ್ರಪ್ರಸಾದರು, ಆಚಾರ್ಯ ಕೃಪಲಾನಿಯವರು ಮೊದಲಾದ ನಾಯಕರ ಪರಿಚಯವು ಅವರಿಗಾದುದು ಆ ಶಿಬಿರಗಳಲ್ಲಿ. ೧೯೪೨ರ ಚಳವಳಿಯಲ್ಲಿ ಪೋಲೀಸರ ಕಣ್ಣು ತಪ್ಪಿಸಿ ತಿರುಗುತ್ತಿದ್ದ ತರುಣರಿಗೆ ಹುಬ್ಬಳ್ಳಿಯ ಅವರ ಚಿಕ್ಕ ಮನೆಯ ಬಾಗಿಲು ತೆರೆದಿರುತ್ತಿತ್ತು. ಸರಿರಾತ್ರಿಯಲ್ಲಿ ಬಂದವರಿಗೆ ಊಟವೂ, ಹೊರಡುವವರಿಗೆ ದಾರಿಯ ಖರ್ಚೂ ದೊರೆಯುತ್ತಿತ್ತು. ಇಂತಹ ಕೆಲಸಕ್ಕೆ ರಶೀದಿಯಿಲ್ಲ. ಸಾಕ್ಷಿಯಿಲ್ಲದಂತೆ ಮಾಡುವುದರಲ್ಲಿಯೇ ಅದರ ಯಶಸ್ಸು. ಈ ಸಂಗತಿಯನ್ನು ವಾಚಕರು ಜ್ಞಾಪಕದಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಇದರಿಂದ ಪ್ರಯೋಜನವುಂಟು.

ಮಾತೆ ಕಸ್ತೂರಬಾ ಅವರು ೧೯೪೪ರಲ್ಲಿ ಸೆರೆಯಲ್ಲಿಯೇ ದೇಹವನ್ನಿಟ್ಟ ತರುವಾಯ ಅವರ ಹೆಸರಿನಲ್ಲಿ ಹಳ್ಳಿಯ ಹೆಂಗಸರು ಮಕ್ಕಳ ಏಳಿಗೆಗಾಗಿ ನಿಧಿಯೊಂದು ಏರ್ಪಟ್ಟಿತು. ೧೯೪೬ರಲ್ಲಿ ಗಾಂಧೀಜಿಯವರು ಅದರ ಕರ್ನಾಟಕ ಶಾಖೆಯ ಹೊಣೆಯನ್ನು ಉಮಾಬಾಯಿಯವರಿಗೆ ಒಪ್ಪಿಸಿದರು. ಗ್ರಾಮಸೇವಿಕೆಯರನ್ನು ಸಿದ್ಧಗೊಳಿಸಿ, ಆರೋಗ್ಯ ಶಿಕ್ಷಣಗಳ ಕೆಲಸಕ್ಕೆ ಹಳ್ಳಿಗಳಿಗೆ ಕಳುಹಿಸುವುದು ಅವರ ಪಾಲಿನ ಕಾರ್ಯವಾಯಿತು. ಹಣವು ಸಾಲದೆ ಹೋದಾಗ ಅವರು ಜೋಳಿಗೆ ಹಿಡಿದು ಮನೆಮನೆಗೆ ಹೋದರು. ಬೆಳಗಾವಿಗಾಗಿ ಸ್ವಯಂಸೇವಿಕೆಯರನ್ನು ಬೇಡಲು ಬಾಗಿಲುಗಳನ್ನು ತಟ್ಟಿದವರು, ಎರಡು ದಶಕಗಳ ಮೇಲೆ ಪುನಃ ಬಾಗಿಲುಗಳನ್ನು ತಟ್ಟಿದರು. ಎರಡು ಸಲವೂ ಬೇಡಿದುದು ತಮಗಾಗಿ ಅಲ್ಲ.

೧೯೪೭ರಲ್ಲಿ ಸ್ವರಾಜ್ಯವು ಬಂದಿತು. ಅವರೊಡನೆ ಕೆಲಸ ಮಾಡಿದ ಎಷ್ಟೋ ಮಂದಿ ಶಾಸನಸಭೆಗಳಿಗೂ ಅಧಿಕಾರಪದವಿಗಳಿಗೂ ಹೋದರು. ಇದರಲ್ಲಿ ತಪ್ಪೇನೂ ಇಲ್ಲ. ರಾಜ್ಯವನ್ನು ನಡೆಯಿಸಲು ಜನರು ಬೇಕು. ಉಮಾಬಾಯಿಯವರು ಮಾತ್ರ ಪದವಿಯ ದಾರಿಯನ್ನು ತುಳಿಯದೆ ಹುಬ್ಬಳ್ಳಿಯ ಚಿಕ್ಕ ಮನೆಯಲ್ಲಿಯೇ ಉಳಿದರು. ೧೯೭೨ರಲ್ಲಿ, ಸ್ವಾತಂತ್ರ್ಯದ ಇಪ್ಪತ್ತೈದನೆಯ ವರ್ಷದಲ್ಲಿ, ಕೇಂದ್ರ ಸರಕಾರವು ಹೋರಾಟಗಾರರಿಗೆ ತಾಮ್ರಪತ್ರವನ್ನೂ ಪಿಂಚಣಿಯನ್ನೂ ಕೊಡಲು ನಿಶ್ಚಯಿಸಿತು. ಆಗ ಉಮಾಬಾಯಿಯವರಿಗೆ ಎಂಬತ್ತು ವರ್ಷ. ಅವರು ತಾಮ್ರಪತ್ರವನ್ನು ಒಲ್ಲೆನೆಂದರು, ಪಿಂಚಣಿಯನ್ನೂ ಒಲ್ಲೆನೆಂದರು.

ಇಲ್ಲಿ ನಾವು ಸ್ವಲ್ಪ ಹೊತ್ತು ನಮ್ಮ ದೇಶವನ್ನು ಬಿಟ್ಟು, ನಮ್ಮಂತೆಯೇ ಇಂಗ್ಲಿಷರ ಆಳಿಕೆಯಿಂದ ಬಿಡಿಸಿಕೊಂಡ ಐರ್ಲೆಂಡಿನ ಕಡೆಗೆ ದೃಷ್ಟಿಯನ್ನು ತಿರುಗಿಸುವುದು ಪ್ರಯೋಜನಕರ. ಕ್ರಾಂತಿಯಲ್ಲಿ ಸೇವೆ ಸಲ್ಲಿಸಿದವರಿಗೆ ರಾಷ್ಟ್ರವು ಏನನ್ನು ಕೊಡಬೇಕು, ಯಾರಿಗೆ ಕೊಡಬೇಕು, ಸೇವೆಯನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಆ ಚಿಕ್ಕ ದೇಶವು ನಮಗಿಂತ ಅರ್ಧ ಶತಮಾನ ಮೊದಲೇ ಎದುರಿಸಿತು. ಗಾಯಗೊಂಡವರಿಗಾಗಿ ೧೯೨೩ರಲ್ಲಿಯೂ, ಸೇವೆ ಸಲ್ಲಿಸಿದವರಿಗಾಗಿ ೧೯೨೪ರಲ್ಲಿಯೂ ಅಲ್ಲಿ ಕಾಯಿದೆಗಳಾದುವು. ಆದರೆ ೧೯೨೪ರ ಕಾಯಿದೆಯು ಅಂತಃಕಲಹದಲ್ಲಿ ಗೆದ್ದ ಪಕ್ಷದ ಸೈನಿಕರಿಗೆ ಮಾತ್ರ ಅನ್ವಯಿಸುತ್ತಿತ್ತು. ಸೋತ ಪಕ್ಷದವರಿಗೂ, ಹೆಂಗಸರ ದಳದವರಿಗೂ ಬಾಗಿಲು ತೆರೆದುದು ೧೯೩೪ರ ಕಾಯಿದೆಯಿಂದ. ಅರ್ಜಿದಾರರು ತಾವು ಎಲ್ಲಿ ಯಾರ ಕೈಕೆಳಗೆ ಏನು ಮಾಡಿದೆವೆಂದು ವಿವರವಾಗಿ ಬರೆಯಬೇಕಾಗಿತ್ತು. ಹಳೆಯ ನಾಯಕರ ಸಾಕ್ಷ್ಯವನ್ನು ತರಬೇಕಾಗಿತ್ತು. ಪ್ರಮಾಣಮಾಡಿ ಉತ್ತರ ಹೇಳಬೇಕಾಗಿತ್ತು. ಎಂಬತ್ತು ಸಾವಿರಕ್ಕೂ ಮಿಕ್ಕಿ ಅರ್ಜಿಗಳು ಬಂದುವು. ಅವುಗಳಲ್ಲಿ ಬಹುಪಾಲು ತಿರಸ್ಕೃತವಾದುವು.

ಮಾರ್ಗರೆಟ್ ಸ್ಕಿನ್ನಿಡರ್ ಎಂಬ ಮಹಿಳೆಯ ಕಥೆಯನ್ನು ಇಲ್ಲಿ ಹೇಳಲೇಬೇಕು. ಉಮಾಬಾಯಿಯವರು ಹುಟ್ಟಿದ ೧೮೯೨ರಲ್ಲಿಯೇ ಆಕೆಯೂ ಸ್ಕಾಟ್ಲೆಂಡಿನಲ್ಲಿ ಹುಟ್ಟಿದಳು. ವೃತ್ತಿಯಿಂದ ಆಕೆಯೂ ಶಿಕ್ಷಕಿ. ೧೯೧೬ರ ಈಸ್ಟರ್ ದಂಗೆಯಲ್ಲಿ ಡಬ್ಲಿನ್ನಿನ ಬೀದಿಯಲ್ಲಿ ಬಂದೂಕು ಹಿಡಿದು ಕಾದಾಡಿ, ಮೂರು ಗುಂಡುಗಳ ಏಟನ್ನು ತಿಂದು ಬದುಕಿ ಉಳಿದಳು. ೧೯೨೫ರಲ್ಲಿ ಆಕೆಯು ಗಾಯಾಳುವಿನ ಪಿಂಚಣಿಗೆ ಅರ್ಜಿ ಹಾಕಿದಾಗ, ಕಾಯಿದೆಯಲ್ಲಿರುವ ಸೈನಿಕ ಎಂಬ ಶಬ್ದವು ಪುಲ್ಲಿಂಗವೆಂಬ ಕಾರಣದಿಂದ ಅರ್ಜಿಯನ್ನು ತಳ್ಳಿಹಾಕಿದರು. ಗುಂಡು ಲಿಂಗಭೇದವನ್ನು ನೋಡಲಿಲ್ಲ, ಕಚೇರಿಯು ನೋಡಿತು! ಆಕೆ ಬಿಡಲಿಲ್ಲ. ಹದಿಮೂರು ವರ್ಷಗಳ ಬಳಿಕ, ೧೯೩೮ರಲ್ಲಿ, ಹೊಸ ಕಾಯಿದೆಯ ಮೇರೆಗೆ ಆಕೆಗೆ ಪಿಂಚಣಿಯು ಮಂಜೂರಾಯಿತು. ೧೯೭೧ರಲ್ಲಿ ಆಕೆಯು ತೀರಿಕೊಂಡಳು.

ಒಬ್ಬಳು ಕೇಳಿ, ಹೋರಾಡಿ, ಪಡೆದಳು. ಮತ್ತೊಬ್ಬರು ಮನೆಬಾಗಿಲಿಗೆ ಬಂದುದನ್ನೂ ಒಲ್ಲೆನೆಂದರು. ಇವರಲ್ಲಿ ಯಾರು ಮೇಲು? ಈ ಪ್ರಶ್ನೆಯೇ ತಪ್ಪೆಂದು ನಮ್ಮ ಅಭಿಪ್ರಾಯ. ಸ್ಕಿನ್ನಿಡರ್ ಕೇಳಿದುದು ಹಣವನ್ನು ಮಾತ್ರವಲ್ಲ. ತಾನು ಸೈನಿಕಳೆಂಬ ಒಪ್ಪಿಗೆಯನ್ನು. ಅದನ್ನು ಕೇಳುವುದು ಆಕೆಯ ಹಕ್ಕು. ಉಮಾಬಾಯಿಯವರು ಯಾರ ಒಪ್ಪಿಗೆಯನ್ನೂ ಕಾಯಲಿಲ್ಲ. ಅದು ಅವರ ಹಿರಿಮೆ. ಇವರ ಹಿರಿಮೆಯನ್ನು ಹೊಗಳುವ ಭರದಲ್ಲಿ, ಪಿಂಚಣಿಯನ್ನು ಪಡೆದವರನ್ನು ಕೀಳಾಗಿ ಕಾಣುವುದು ಕೆಲವರಿಗೆ ಅಭ್ಯಾಸವಾಗಿದೆ. ಇದು ಅನ್ಯಾಯ. ಜಮೀನು ಕಳೆದುಕೊಂಡವರು, ಕೆಲಸ ಕಳೆದುಕೊಂಡವರು, ಲಾಠಿಯ ಏಟಿನಿಂದ ಮೈ ಮುರಿದುಕೊಂಡವರು ಮುಪ್ಪಿನಲ್ಲಿ ಆ ಹಣದಿಂದ ಅನ್ನ ಔಷಧಗಳನ್ನು ಕಂಡಿದ್ದಾರೆ. ರಾಷ್ಟ್ರವು ಅವರಿಗೆ ಕೊಟ್ಟುದು ಭಿಕ್ಷೆಯಲ್ಲ. ಸಾಲದ ಒಂದು ಅಲ್ಪ ಕಂತು.

ಇನ್ನು ನಮ್ಮ ದೇಶದ ಅಳತೆಗೋಲನ್ನೂ ನೋಡೋಣ. ನಮ್ಮ ಯೋಜನೆಯಲ್ಲಿ ಮುಖ್ಯವಾದ ಅರ್ಹತೆಯು ಆರು ತಿಂಗಳ ಸೆರೆವಾಸ. ಸ್ತ್ರೀಯರಿಗೆ ಈ ಅವಧಿಯನ್ನು ತರುವಾಯ ಮೂರು ತಿಂಗಳಿಗೆ ಇಳಿಸಲಾಯಿತು. ಸೆರೆಮನೆಯ ದಾಖಲೆಯು ದೊರೆಯದಿದ್ದರೆ, ಜತೆಯಲ್ಲಿ ಸೆರೆಯಲ್ಲಿದ್ದವರ ಪ್ರಮಾಣಪತ್ರವನ್ನು ತರಬೇಕು. ಸರಕಾರಕ್ಕೆ ಯಾವುದಾದರೊಂದು ಅಳತೆಯು ಬೇಕೇ ಬೇಕು. ಇಲ್ಲವಾದರೆ ಸುಳ್ಳು ಅರ್ಜಿಗಳಿಗೆ ತಡೆಯಿರದು. ಅಧಿಕಾರಿಗಳ ಈ ಕಷ್ಟವನ್ನು ನಾವು ಬಲ್ಲೆವು. ಆದರೂ ಈ ಗೋಲಿನಿಂದ ಉಮಾಬಾಯಿಯವರ ಜೀವನವನ್ನು ಅಳೆದು ನೋಡಿ. ಯೆರವಡಾದ ನಾಲ್ಕು ತಿಂಗಳು ಲೆಕ್ಕಕ್ಕೆ ಬರುತ್ತದೆ. ಬೆಳಗಾವಿಯ ನೂರೈವತ್ತು ಸ್ವಯಂಸೇವಿಕೆಯರು ಬರುವುದಿಲ್ಲ. ಬಿಹಾರದ ಶಿಬಿರಗಳು ಬರುವುದಿಲ್ಲ. ಮೊಹರು ಬಿದ್ದ ಶಾಲೆಯ ಹೆಣ್ಣುಮಕ್ಕಳು ಬರುವುದಿಲ್ಲ. ಸರಿರಾತ್ರಿಯಲ್ಲಿ ಬಡಿಸಿದ ಅನ್ನವು ಬರುವುದಿಲ್ಲ. ಅದಕ್ಕೆ ಸಾಕ್ಷಿಯಿಲ್ಲವೆಂದು ನಾವು ಮೊದಲೇ ಹೇಳಿದೆವಷ್ಟೆ. ನಾಲ್ಕು ತಿಂಗಳನ್ನು ಕಂಡು ಎಪ್ಪತ್ತು ವರ್ಷಗಳನ್ನು ಕಾಣದ ಗೋಲು ಇದು. ಉಮಾಬಾಯಿಯಂತಹ ಪ್ರಖ್ಯಾತರ ಸೇವೆಯೇ ಹೀಗೆ ಜಾರಿಹೋಗುವುದಾದರೆ, ಹಿತ್ತಿಲ ಬಾಗಿಲಿನಿಂದ ಬಂದವನಿಗೆ ಗಂಜಿಯನ್ನು ಬಡಿಸಿ ಬಾಯಿ ಮುಚ್ಚಿಕೊಂಡಿದ್ದ ಹೆಸರಿಲ್ಲದ ಗೃಹಿಣಿಯ ಪಾಡೇನು?

ಐರ್ಲೆಂಡಿನ ಸರಕಾರವು ೨೦೧೪ರಿಂದ ತನ್ನ ಆ ಹಳೆಯ ಪಿಂಚಣಿಯ ಕಡತಗಳನ್ನು ಸಾರ್ವಜನಿಕರಿಗೆ ತೆರೆಯುತ್ತ ಬಂದಿದೆ. ಮಂಜೂರಾದ ಅರ್ಜಿಯೊಡನೆ ತಿರಸ್ಕೃತವಾದ ಅರ್ಜಿಯೂ ಅಲ್ಲಿ ಸಿಗುತ್ತದೆ. ಪಿಂಚಣಿಗಾಗಿ ಬರೆದ ಆ ವಿವರಗಳೇ ಇಂದು ಆ ಕ್ರಾಂತಿಯ ಚರಿತ್ರೆಗೆ ಆಧಾರವಾಗಿವೆ. ಯಾವ ಓಣಿಯಲ್ಲಿ ಯಾವ ಹುಡುಗಿಯು ಸಂದೇಶವನ್ನು ಒಯ್ದಳೆಂಬುದು ಕೂಡ ಆ ಕಾಗದಗಳಿಂದ ತಿಳಿಯುತ್ತದೆ. ಇದನ್ನು ಕಂಡಾಗ ಒಂದು ವಿಚಾರವು ನಮ್ಮನ್ನು ಕಾಡುತ್ತದೆ. ಕೇಳಿದವರ ಕಥೆಯು ಕಡತದಲ್ಲಿ ಉಳಿಯಿತು. ಕೇಳದವರ ಕಥೆಯು ಎಲ್ಲಿ ಉಳಿಯಬೇಕು? ಪಿಂಚಣಿಯನ್ನು ಒಲ್ಲೆನೆಂದವರು ಹಣವನ್ನು ಮಾತ್ರ ಬಿಡುವುದಿಲ್ಲ. ತಮ್ಮ ಸೇವೆಯ ಲೆಕ್ಕವನ್ನು ಬರೆದಿಡುವ ಸಂದರ್ಭವನ್ನೂ ಬಿಡುತ್ತಾರೆ. ಆ ಲೆಕ್ಕವನ್ನು ಅವರು ಬರೆಯದಿದ್ದರೆ ನಾವು ಬರೆಯಬೇಕು. ಅವರ ತ್ಯಾಗವು ನಮ್ಮ ಸಾಲವನ್ನು ವಜಾಮಾಡುವುದಿಲ್ಲ. ಸಾಲಗಾರನು ಸಾಲಕೊಟ್ಟವನ ಔದಾರ್ಯವನ್ನು ಹೊಗಳಿ ಪತ್ರವನ್ನು ಹರಿದುಹಾಕಿದರೆ ಅದನ್ನು ಯಾರೂ ಕೃತಜ್ಞತೆಯೆಂದು ಕರೆಯಲಾರರು.

ಶಾಂಭವಿಯ ಆಚೆಯ ದಡಕ್ಕೆ ಮತ್ತೊಮ್ಮೆ ಕಣ್ಣು ಹಾಯಿಸೋಣ. ಅಲ್ಲಿ ಮೂಲ್ಕಿಯ ಕಾರ್ನಾಡು ಇದೆ. ಆ ಊರಿನ ಹೆಸರನ್ನು ಹೊತ್ತ ಕಾರ್ನಾಡು ಸದಾಶಿವರಾಯರು ೧೯೧೧ರಲ್ಲಿ ಮಂಗಳೂರಿನಲ್ಲಿ ಅನಾಥ ಸ್ತ್ರೀಯರಿಗಾಗಿ ಮಹಿಳಾ ಸಭೆಯನ್ನು ಕಟ್ಟಿದವರು. ದೇಶಕಾರ್ಯಕ್ಕೆ ತಮ್ಮ ಸಿರಿಯನ್ನೆಲ್ಲ ಸುರಿದು, ೧೯೩೭ರಲ್ಲಿ ಬಡವರಾಗಿ ತೀರಿಕೊಂಡವರು. ಪಿಂಚಣಿಯ ಕಾಲವು ಬರುವುದಕ್ಕೆ ಮೂವತ್ತೈದು ವರ್ಷ ಮೊದಲೇ ಅವರು ಹೋಗಿಬಿಟ್ಟರು. ಅವರದೂ ಅರ್ಜಿಯಿಲ್ಲದ ಜೀವನವೇ. ನಮ್ಮ ಕರಾವಳಿಯ ಇಬ್ಬರು ಮಹನೀಯರು, ಒಬ್ಬರು ಕಾಲದ ದೆಸೆಯಿಂದ, ಇನ್ನೊಬ್ಬರು ತಮ್ಮ ಇಚ್ಛೆಯಿಂದ, ಸರಕಾರದ ಲೆಕ್ಕದಿಂದ ಹೊರಗುಳಿದರು.

ಪಿಂಚಣಿಗೆ ಅರ್ಜಿ ಹಾಕಬಹುದಾಗಿದ್ದವರ ತಲೆಮಾರು ಬಹುಮಟ್ಟಿಗೆ ಸಂದುಹೋಗಿದೆ. ಅವರನ್ನು ಕಂಡ ಮಕ್ಕಳು, ಮೊಮ್ಮಕ್ಕಳು ಇನ್ನೂ ನಮ್ಮ ನಡುವೆ ಇದ್ದಾರೆ. ಹೆಜಮಾಡಿಯಿಂದ ಕುಂದಾಪುರದವರೆಗೆ ಎಷ್ಟೋ ಹಳೆಯ ಮನೆಗಳ ಅಟ್ಟಗಳಲ್ಲಿ ಕಾಗದಗಳು ಗೆದ್ದಲು ಹಿಡಿಯುತ್ತಿರಬಹುದು; ಮುದುಕಿಯರ ನೆನಪುಗಳಲ್ಲಿ ಎಷ್ಟೋ ಸರಿರಾತ್ರಿಗಳ ಕಥೆಗಳು ಉಳಿದಿರಬಹುದು. ಊರಿನ ಪಂಚಾಯತು, ಶಾಲೆ, ವಾಚನಾಲಯಗಳು ಮನಸ್ಸು ಮಾಡಿದರೆ ಒಂದೊಂದು ಪುಸ್ತಕವನ್ನು ಇಟ್ಟು, ತಿಳಿದವರಿಂದ ಕೇಳಿ, ಹೆಸರು, ಊರು, ಮಾಡಿದ ಕೆಲಸ ಇಷ್ಟನ್ನು ಬರೆದಿಡುವುದು ಕಷ್ಟವಲ್ಲ. ಇದಕ್ಕೆ ಸರಕಾರದ ಅಪ್ಪಣೆ ಬೇಕಿಲ್ಲ. ದೊಡ್ಡ ವೆಚ್ಚವೂ ಇಲ್ಲ. ವಿದ್ಯಾವಂತರೂ ಅಧಿಕಾರಿಗಳೂ ಆದ ನಮ್ಮ ವಾಚಕರು ಈ ಕಾರ್ಯಕ್ಕೆ ತಮ್ಮ ಊರುಗಳಲ್ಲಿ ಮುಂದಾಗುವರೆಂದು ನಂಬಿದ್ದೇವೆ.

ಉಮಾಬಾಯಿಯವರು ತಮ್ಮ ಲೆಕ್ಕವನ್ನು ಯಾರಿಗೂ ಒಪ್ಪಿಸದೆ ಹೋದರು. ಅದನ್ನು ಬರೆದಿಡುವುದೇ ನಾವು ಅವರಿಗೆ ಸಲ್ಲಿಸಬಹುದಾದ, ಅವರು ಬೇಡವೆನ್ನಲಾರದ, ಒಂದೇ ಪಿಂಚಣಿ.